ಪಂಚಲಿಂಗದಲ್ಲಿ ಕಳೆದುಹೋದವರು

1993ರ ಪಂಚಲಿಂಗ ದರ್ಶನದಲ್ಲಿ ನಮ್ಮಜ್ಜಿ ತಲಕಾಡಿನ ಮರಳಿನಲ್ಲಿ ಕಳೆದುಹೋದ ಕಥೆ ನಮ್ಮ ಮನೆಯಲ್ಲಿ ಇವತ್ತಿಗೂ ಮೂರು ಪಾಠಗಳಲ್ಲಿ ಚಾಲ್ತಿಯಲ್ಲಿದೆ. ಅಪ್ಪನ ಪಾಠದಲ್ಲಿ ತಪ್ಪೆಲ್ಲ ಚಿಕ್ಕಪ್ಪನದು. ಅವ್ವನ ಕೈ ಬಿಡಬೇಡ ಎಂದು ಹೇಳಿದ್ದರೂ ಬೀಡಿ ಹಚ್ಚಲು ಸಾಲಿನಿಂದ ಹೊರಗೆ ಹೋದ. ಚಿಕ್ಕಪ್ಪನ ಪಾಠದಲ್ಲಿ ಬೀಡಿಯೇ ಇಲ್ಲ. ಹಿಂದಿನಿಂದ ಜನ ನುಗ್ಗಿದರು, ಸಾಲು ತುಂಡಾಯಿತು, ಯಾರೇನು ಮಾಡಲಾಗುತ್ತೆ? ಅಜ್ಜಿ ಇರುವ ತನಕ ಹೇಳುತ್ತಿದ್ದ ಪಾಠವೇ ಬೇರೆ. ಅದರ ಪ್ರಕಾರ ಅವತ್ತು ಕಳೆದುಹೋದವರು ನಾವು ನಾಲ್ಕು ಜನ.

ನಾನು ಆಗ ಹೈಸ್ಕೂಲಿನಲ್ಲಿದ್ದೆ. ಕಣ್ಣಾರೆ ಕಂಡವನು, ಯಾರ ಕಡೆಗೂ ವಾಲುವ ವಯಸ್ಸಲ್ಲ. ಹಾಗಾಗಿ ನನ್ನದು ನಾಲ್ಕನೆಯ ಪಾಠ ಅಂತಲೇ ಇಟ್ಟುಕೊಳ್ಳಿ.

ಪಂಚಲಿಂಗ ದರ್ಶನದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರ್ತಿಕ ಮಾಸದ ಅಮಾವಾಸ್ಯೆ ಸೋಮವಾರವೇ ಬರಬೇಕು, ಅದಕ್ಕೆ ವಿಶಾಖಾ ನಕ್ಷತ್ರ ಕೂಡಬೇಕು ಎಂಬುದು ಪ್ರತೀತಿ. ಕುಹೂಯೋಗ ಅನ್ನುತ್ತಾರೆ. ಆ ದಿನ ತಲಕಾಡಿನ ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಪಕ್ಕದ ವಿಜಯಾಪುರದ ಅರ್ಕೇಶ್ವರ, ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನ, ಈ ಐದೂ ಲಿಂಗಗಳನ್ನು ಬೆಳಗಿನಿಂದ ರಾತ್ರಿಯೊಳಗೆ ನೋಡಿ ಮುಗಿಸಬೇಕು. ಶಿವನ ಐದು ಮುಖಗಳೇ ಇಲ್ಲಿ ಐದು ಲಿಂಗವಾಗಿ ಕೂತಿವೆ ಎಂಬುದು ನಂಬಿಕೆ. ಹನ್ನೆರಡು ವರ್ಷಕ್ಕೊಮ್ಮೆ ಬರುತ್ತದೆ ಎಂದು ಜನ ಬಾಯಿಮಾತಿಗೆ ಹೇಳುತ್ತಾರೆ, ಆದರೆ ಪಂಚಾಂಗ ನಮ್ಮ ಬಾಯಿಮಾತು ಕೇಳುವುದಿಲ್ಲ. 1966ರಲ್ಲಿ ಬಂದದ್ದು ಹದಿಮೂರು ವರ್ಷ ಕಾಯಿಸಿ 1979ರಲ್ಲಿ ಬಂತು. ಆಮೇಲೆ ಏಳೇಳು ವರ್ಷಕ್ಕೆ, 1986 ಮತ್ತು 1993. ಪುನಃ ಹದಿಮೂರು ವರ್ಷ ಪತ್ತೆಯಿಲ್ಲ. 2006ರಲ್ಲಿ ಬಂದದ್ದು ಮೂರೇ ವರ್ಷಕ್ಕೆ 2009ರಲ್ಲಿ ಮತ್ತೆ ಬಾಗಿಲು ತಟ್ಟಿತು. ಜೀವಮಾನದಲ್ಲಿ ಎಷ್ಟು ಸಲ ಸಿಗುತ್ತದೆ ಎಂದು ಯಾರೂ ಮುಂಚೆ ಹೇಳಲಾರರು. ಸಿಕ್ಕಿದಾಗ ಹೋಗಬೇಕು ಎಂಬ ತಹತಹ ಅದಕ್ಕೇ.

ಅಜ್ಜಿ 1966ರಲ್ಲಿ ಹೋಗಿದ್ದಳು. ನಮ್ಮದು ಮಳವಳ್ಳಿ ಸೀಮೆ, ತಲಕಾಡಿಗೆ ಹೊಳೆ ದಾಟುವ ಕೆಲಸವಿಲ್ಲ. ಎತ್ತಿನ ಗಾಡಿ ಕಟ್ಟಿಕೊಂಡು, ಹುಲ್ಲು, ಪಾತ್ರೆ, ರಾಗಿಹಿಟ್ಟು ಹೇರಿಕೊಂಡು ಅವಳ ಅತ್ತೆಯ ಹಿಂದೆ ಹೋಗಿ ಬಂದವಳು. 1979ರಲ್ಲಿ ಮನೆಯಲ್ಲಿ ಬಾಣಂತನ ಅಡ್ಡ ಬಂತು. 1986ರಲ್ಲಿ ಹೊರಟು ನಿಂತಿದ್ದಾಗ ದಾಯಾದಿಗಳಲ್ಲಿ ಸಾವಾಗಿ ಸೂತಕ ಸುತ್ತಿಕೊಂಡಿತು. ಅಷ್ಟರ ಮೇಲೆ 1993 ಬಂದಾಗ ದೀಪಾವಳಿ ಮುಗಿದ ಮಾರನೇ ದಿನದಿಂದಲೇ ಬಾಳೆಹಣ್ಣು ಯಾವ ಗೊನೆಯದು, ತೆಂಗಿನಕಾಯಿ ಯಾವ ಮರದ್ದು ಎಂದು ಎತ್ತಿಡತೊಡಗಿದಳು. ಕಾಯಿ ಐದು. ಒಂದೊಂದು ಲಿಂಗಕ್ಕೆ ಒಂದೊಂದು. ಜುಟ್ಟು ಬಿಟ್ಟು ಸುಲಿದು, ಹಳೆಯ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿಸಿದ ಕೈಚೀಲಕ್ಕೆ ಹಾಕಿ, ಬಿಲ್ವಪತ್ರೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಮೇಲಿಟ್ಟಳು. ಆ ಚೀಲ ಚಿಕ್ಕಪ್ಪನ ಹೆಗಲಿಗೆ ಬಿತ್ತು. ಕಥೆಗೆ ಅದು ಬೇಕು, ನೆನಪಿರಲಿ.

ಹೊರಡುವ ಮುಂಚೆಯೇ ಜಗಳ. ಚಿಕ್ಕಪ್ಪ ಮೈಸೂರಿನಲ್ಲಿ ಕೆಲಸದಲ್ಲಿದ್ದವನು, ಲೆಕ್ಕಾಚಾರದ ಮನುಷ್ಯ. ಕಾಗದದ ಮೇಲೆ ಗೆರೆ ಎಳೆದು ತೋರಿಸಿದ. ದೂರದ ಮುಡುಕುತೊರೆ ಮೊದಲು ಮುಗಿಸಿಬಿಡೋಣ, ವಾಪಸ್ ಬರುವಾಗ ವಿಜಯಾಪುರ, ಕೊನೆಗೆ ತಲಕಾಡಿನ ಮೂರೂ ಒಟ್ಟಿಗೆ, ಮಧ್ಯಾಹ್ನಕ್ಕೆಲ್ಲ ಬಸ್ ಹತ್ತಬಹುದು. ಅಜ್ಜಿ ಕಾಗದದ ಕಡೆ ನೋಡಲೂ ಇಲ್ಲ.

“ದೇವ್ರೇನ್ ಬಸ್ ಸ್ಟಾಪೇನ್ಲಾ, ದಾರೀಲಿ ಸಿಕ್ದಂಗೆ ಇಳ್ಕೊಂಡು ಹತ್ಕೊಂಡು ಹೋಗಕೆ?”

ಅವಳ ಅತ್ತೆ ಹೇಳಿಕೊಟ್ಟ ಕ್ರಮ ಅವಳಿಗೆ ಬಾಯಿಪಾಠ. ಗೋಕರ್ಣ ತೀರ್ಥದಲ್ಲಿ ಮೀಯಬೇಕು. ಗೋಕರ್ಣೇಶ್ವರನಿಗೂ ಚಂಡಿಕಾದೇವಿಗೂ ಕೈಮುಗಿಯಬೇಕು. ಕೀರ್ತಿನಾರಾಯಣನ ಅಪ್ಪಣೆ ಪಡೆದು ವೈದ್ಯೇಶ್ವರನ ಹತ್ತಿರ ಹೋಗಬೇಕು. ಅಲ್ಲಿಂದ ಅರ್ಕೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಮಲ್ಲಿಕಾರ್ಜುನ. ಒಂದೊಂದು ಮುಗಿದಾಗಲೂ ವೈದ್ಯೇಶ್ವರನ ಹತ್ತಿರ ವಾಪಸ್ ಬಂದು ಒಪ್ಪಿಸಿ ಮುಂದಿನದಕ್ಕೆ ಹೋಗಬೇಕು. ಕಡೆಗೆ ಮತ್ತೆ ಕೀರ್ತಿನಾರಾಯಣ. ಪಂಚಲಿಂಗದ ಶಾಸ್ತ್ರ ನಿಜಕ್ಕೂ ಹೀಗೇ ಇದೆ ಎಂದು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷದ ಮೇಲೆ. ಅಜ್ಜಿಗೆ ಓದು ಬರುತ್ತಿರಲಿಲ್ಲ.

ಡಿಸೆಂಬರ್ 12, ಭಾನುವಾರ ಸಂಜೆ ತಲಕಾಡು ತಲುಪಿದೆವು. ಅಜ್ಜಿ, ಅಪ್ಪ, ಚಿಕ್ಕಪ್ಪ, ಚಿಕ್ಕವ್ವ, ನಾನು. ಬಸ್ಸಿನಿಂದ ಇಳಿದ ಕಡೆಯಿಂದಲೇ ಮರಳು ಶುರು. ತಲಕಾಡಿನ ಮರಳನ್ನು ಹೊಳೆದಂಡೆಯ ಮರಳು ಎಂದು ಕಲ್ಪಿಸಿಕೊಳ್ಳಬೇಡಿ. ಅದು ಊರಿನ ಮೇಲೆ ಕೂತಿರುವ ಮರಳು. ಸುಮಾರು ಒಂದು ಮೈಲಿ ಉದ್ದದ ದಿಬ್ಬಗಳು, ಅವುಗಳ ಕೆಳಗೆ ಹಳೆಯ ತಲಕಾಡು. ಮೂವತ್ತಕ್ಕೂ ಹೆಚ್ಚು ಗುಡಿಗಳು ಒಳಗಿವೆ ಎನ್ನುತ್ತಾರೆ. ಮುಂಗಾರಿನ ಗಾಳಿಗೆ ಮರಳು ವರ್ಷಕ್ಕೆ ಒಂಬತ್ತು ಹತ್ತು ಅಡಿ ಮುಂದೆ ಸರಿದು ಬರುತ್ತಿತ್ತು, ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿಯುತ್ತಿದ್ದರು ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿಟ್ಟಿದೆ. ಮರಳು ಹಿಡಿದು ನಿಲ್ಲಿಸಲೆಂದು ಹಾಕಿದ ನೀಲಗಿರಿ ಮರಗಳ ಕೆಳಗೆ ಅವತ್ತು ಜಾಗ ಇದ್ದ ಕಡೆಯೆಲ್ಲ ಕಂಬಳಿ, ಜಮಖಾನ, ಗೋಣಿತಾಟು. ನಾವೂ ಒಂದು ಮರದ ಬುಡ ಹಿಡಿದೆವು. ಹಗಲಲ್ಲಿ ಕಾಲು ಸುಡುವ ಆ ಮರಳು ರಾತ್ರಿ ಎಷ್ಟು ತಣ್ಣಗಾಗುತ್ತದೆ ಎಂದು ಅಲ್ಲಿ ಮಲಗಿದವರಿಗೇ ಗೊತ್ತು. ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳಿದರೆ ಅಲ್ಲಿ ಬೇರೆಯೇ ಚಳಿ ಕಾಯುತ್ತಿರುತ್ತದೆ. ಚಿಕ್ಕವ್ವ ಕಟ್ಟಿ ತಂದಿದ್ದ ರಾಗಿ ರೊಟ್ಟಿ, ಹುಚ್ಚೆಳ್ಳು ಪುಡಿಯಲ್ಲಿ ಅರ್ಧ ಮರಳೇ ಇತ್ತು. ಅಜ್ಜಿ ಮಾತ್ರ ಅದನ್ನೂ ಮುಟ್ಟಲಿಲ್ಲ. ಐದೂ ಆಗುವ ತನಕ ಒಂದು ಬಾಳೆಹಣ್ಣು, ಒಂದು ಲೋಟ ಹಾಲು, ಅಷ್ಟೇ ಎಂದು ಹೇಳಿಬಿಟ್ಟಿದ್ದಳು.

ನಾಲ್ಕು ಗಂಟೆಗೆಲ್ಲ ಎಬ್ಬಿಸಿದಳು. ಗೋಕರ್ಣ ತೀರ್ಥದ ಹತ್ತಿರ ಕಾಲಿಡಲು ಜಾಗವಿಲ್ಲ. ತಲೆಗೆ ನೀರು ಹಾಕಿಕೊಂಡು ಕೈಮುಗಿದು ಬಂದೆವು. ಮುಳುಗು ಹಾಕಲು ಹೊಳೆಗೇ ಹೋಗಬೇಕಾಯಿತು. ಹೊಳೆಯಲ್ಲಿ ಕಂಡದ್ದನ್ನು ಇಲ್ಲಿ ಹೇಳಲೇಬೇಕು. ಮಿಂದವರು ಒದ್ದೆ ಬಟ್ಟೆಯನ್ನು ಅಲ್ಲೇ ನೀರಿಗೆ ಬಿಡುತ್ತಿದ್ದರು, ಪಾಪ ಕಳೆಯಲಿ ಎಂದು. ಸೀರೆ, ಪಂಚೆ, ಟವೆಲು ಕಾಲಿಗೆ ತೊಡರುತ್ತಿದ್ದವು. ಒಬ್ಬ ಹುಡುಗ ಹಾಗೇ ಎಡವಿ ಬಿದ್ದು ನೀರು ಕುಡಿದ. ಅಜ್ಜಿ ತನ್ನ ಸೀರೆ ಹಿಂಡಿ ಹೆಗಲಿಗೆ ಹಾಕಿಕೊಂಡಳು. ಪಕ್ಕದವಳೊಬ್ಬಳು “ಯಾಕಜ್ಜಿ ಬಿಡಲ್ವಾ?” ಎಂದದ್ದಕ್ಕೆ, “ಕಾವೇರವ್ವ ನಮ್ಮನೆ ಸೊಸೆ ಏನವ್ವ, ನಮ್ ಬಟ್ಟೆ ಒಗ್ಯಕೆ?” ಎಂದಳು.

ಕೀರ್ತಿನಾರಾಯಣನ ಗುಡಿ ಮರಳಿನ ನಡುವೆ ತಗ್ಗಿನಲ್ಲಿದೆ. ಚೋಳರ ಕೈಯಲ್ಲಿದ್ದ ತಲಕಾಡನ್ನು ಹೊಯ್ಸಳ ವಿಷ್ಣುವರ್ಧನ ಗೆದ್ದು ‘ತಲಕಾಡುಗೊಂಡ’ ಎಂದು ಬಿರುದು ಹೊತ್ತ. ಆ ಗೆಲುವಿನ ನೆನಪಿಗೆ 1117ರಲ್ಲಿ ಈ ದೇವರನ್ನು ನಿಲ್ಲಿಸಿದ. ಬೇಲೂರಿನ ಚೆನ್ನಕೇಶವ ನಿಂತದ್ದೂ ಅದೇ ವರ್ಷ. ಅದಕ್ಕೂ ಮುಂಚೆ, ಚೋಳರಿಗೂ ಮೊದಲು, ಗಂಗರು ಇಲ್ಲಿಂದಲೇ ನೂರಾರು ವರ್ಷ ಆಳಿದರು. ಅವರ ಶಾಸನಗಳ ತಳವನಪುರ ಇದೇ. ಇಷ್ಟೆಲ್ಲ ನಡೆದ ಊರಿನಲ್ಲಿ ಈಗ ಕಣ್ಣಿಗೆ ಕಾಣುವುದು ಮರಳು ಮತ್ತು ನೀಲಗಿರಿ. ಆಳೆತ್ತರ ಮೀರಿದ ನಾರಾಯಣನ ಎದುರು ಅಜ್ಜಿ ಒಂದು ನಿಮಿಷ ನಿಂತು, “ಹೋಗ್ಬತ್ತೀನಿ ಕನಪ್ಪ” ಎಂದಳು. ಪಕ್ಕದ ಮನೆಯವರಿಗೆ ಹೇಳಿ ಹೊರಡುವ ಹಾಗೆ.

ವೈದ್ಯೇಶ್ವರನ ಬಾಗಿಲಲ್ಲಿ ಸಾಲು ನಿಂತುಬಿಟ್ಟಿತು. ಬೊಂಬು ಕಟ್ಟಿದ ಓಣಿಯಲ್ಲಿ ಎರಡು ಗಂಟೆ. ಅಲ್ಲಿಯ ದ್ವಾರಪಾಲಕರನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಭಾರಿ ಆಳುಗಳು, ಮೈಮೇಲಿನ ಒಡವೆಯ ಒಂದೊಂದು ಮಣಿಯೂ ಬೇರೆ ಬೇರೆ ಎಣಿಸುವಂತಿದೆ. ಆಗ ಅಜ್ಜಿ ನನಗೆ ಆ ಊರಿನ ಕಥೆ ಹೇಳಿದಳು. ಸೋಮದತ್ತ ಎಂಬ ಋಷಿ ಶಿಷ್ಯರ ಜೊತೆ ಹೋಗುತ್ತಿದ್ದಾಗ ಕಾಡಾನೆಗಳು ಕೊಂದುಹಾಕಿದವು. ಸಾಯುವಾಗ ಆನೆಯ ಮೇಲೇ ಮನಸ್ಸಿದ್ದುದರಿಂದ ಅವರೆಲ್ಲ ಆನೆಗಳಾಗಿ ಹುಟ್ಟಿದರು. ಹುಟ್ಟಿದರೂ ಹಳೆಯ ಭಕ್ತಿ ಬಿಡಲಿಲ್ಲ. ದಿನವೂ ಗೋಕರ್ಣ ತೀರ್ಥದಲ್ಲಿ ಮಿಂದು, ತಾವರೆ ಕಿತ್ತು ತಂದು ಒಂದು ಬೂರುಗದ ಮರಕ್ಕೆ ಇಟ್ಟು ಪೂಜೆ ಮಾಡುತ್ತಿದ್ದವು. ತಲ, ಕಾಡ ಎಂಬ ಇಬ್ಬರು ಬೇಡರು ಇದನ್ನು ನೋಡಿ, ಈ ಮರದಲ್ಲಿ ಏನೋ ಇದೆ ಎಂದು ಕೊಡಲಿ ಹಾಕಿದರು. ಮರದಿಂದ ರಕ್ತ ಚಿಮ್ಮಿತು. ಬೇಡರು ಬೆಚ್ಚಿಬಿದ್ದರು. ಒಳಗಿನಿಂದ ಧ್ವನಿ ಬಂತು, ಹೆದರಬೇಡಿ, ಇದೇ ಮರದ ಎಲೆ, ಕಾಯಿ ಅರೆದು ಗಾಯಕ್ಕೆ ಕಟ್ಟಿ ಅಂತ. ಕಟ್ಟಿದರು, ಗಾಯ ಮಾಯಿತು.

“ಕೊಡ್ಲಿ ಏಟು ತಿಂದೋನೂ ಅವ್ನೆ, ಮದ್ದು ಹೇಳ್ದೋನೂ ಅವ್ನೆ. ಅದ್ಕೆ ವೈದ್ಯೇಸ್ವರ” ಎಂದು ಮುಗಿಸಿದಳು.

ಅವಳ ಬಲ ಮಂಡಿ ಊದಿಕೊಂಡೇ ಇರುತ್ತಿತ್ತು. ಮಂಡಿ ನೋವು ವಾಸಿ ಮಾಡು ಎಂದು ಕೇಳಿಕೊಳ್ಳಜ್ಜಿ ಎಂದೆ. “ಅವ್ನಿಗೇ ಗಾಯ ಆಗದೆ ಮಗ, ನನ್ದೇನ್ ಹೇಳ್ಲಿ” ಎಂದಳು. ಒಳಗೆ ಹೋದ ಮೇಲೆ ಏನು ಕೇಳಿಕೊಂಡಳೋ ನನಗೆ ಕೇಳಿಸಲಿಲ್ಲ. ಲಿಂಗ ಕಂಡದ್ದು ಎರಡು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಮೊದಲ ಕಾಯಿ ಒಡೆದಾಯಿತು.

ಅಲ್ಲಿಂದ ವಿಜಯಾಪುರಕ್ಕೆ ನಡೆದೇ ಹೋದೆವು. ಆ ದಾರಿ ನನಗೆ ತುಂಬ ಇಷ್ಟವಾದದ್ದು. ಮರಳಿನಿಂದ ಹೊರಬಿದ್ದ ತಕ್ಷಣ ಎರಡೂ ಕಡೆ ಕೊಯ್ಲಿಗೆ ಬಂದ ಭತ್ತ, ನಾಲೆಯಲ್ಲಿ ನೀರು. ಹತ್ತು ಹೆಜ್ಜೆ ಹಿಂದೆ ಮರಳುಗಾಡು, ಹತ್ತು ಹೆಜ್ಜೆ ಮುಂದೆ ಮಲೆನಾಡಿನ ಬೆಳೆ. ಚಿಕ್ಕಪ್ಪ ಅಲಮೇಲಮ್ಮನ ಕಥೆ ತೆಗೆದ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ವಶಮಾಡಿಕೊಂಡರು. ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಒಡವೆಗಳೊಂದಿಗೆ ತಲಕಾಡಿನ ಕಡೆ ಬಂದಿದ್ದಳು. ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ಇಡುವ ಒಡವೆ ಬೇಕು ಎಂದು ಸೈನಿಕರು ಬೆನ್ನು ಹತ್ತಿದಾಗ, ತಲಕಾಡು ಮರಳಾಗಲಿ ಎಂದು ಶಪಿಸಿ, ಮಾಲಂಗಿಗೂ ಮೈಸೂರು ಅರಸರ ವಂಶಕ್ಕೂ ಶಾಪ ಹಾಕಿ ಹೊಳೆಗೆ ಹಾರಿದಳು. ಈ ಕಥೆ ಗೊತ್ತಿಲ್ಲದವರು ನಮ್ಮ ಕಡೆ ಯಾರಿದ್ದಾರೆ? ಅಪ್ಪ ಅದಕ್ಕೆ ಅಡ್ಡ ಹಾಕಿದ. ಈ ಭತ್ತಕ್ಕೆ ನೀರು ಕೊಡುತ್ತಿರುವ ಮಾಧವಮಂತ್ರಿ ಅಣೆಕಟ್ಟು ಶಾಪಕ್ಕಿಂತ ಬಹಳ ಹಿಂದಿನದು, ವಿಜಯನಗರದ ಮಂತ್ರಿ ಕಟ್ಟಿಸಿದ್ದು. ಮೇಲೆ ನೀರು ತಡೆದರೆ ಕೆಳಗೆ ಹೊಳೆಯ ಪಾತ್ರ ಒಣಗಿ ಮರಳು ಬಯಲಿಗೆ ಬೀಳುತ್ತದೆ. ಹೊಳೆ ಇಲ್ಲಿ ಬೇರೆ ಸುತ್ತು ಹಾಕಿ ತಿರುಗುತ್ತದೆ. ಆಷಾಢದ ಗಾಳಿ ಆ ಮರಳನ್ನು ಎತ್ತಿ ಊರಿನ ಮೇಲೆ ಸುರಿಯಿತು, ಅಷ್ಟೇ ಎಂದ. ಪರಿಸರ ಬಲ್ಲವರೂ ಈಗ ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾರೆ. ಹಾಗಾದರೆ ಒಂದೇ ಅಣೆಕಟ್ಟು ಒಂದು ಕಡೆ ಗದ್ದೆಗೆ ನೀರು ಕೊಟ್ಟಿತು, ಇನ್ನೊಂದು ಕಡೆ ಗುಡಿಗಳನ್ನು ಹೂತಿತು. ನನಗೆ ಇದು ಶಾಪಕ್ಕಿಂತ ದೊಡ್ಡ ಕಥೆ ಎನಿಸುತ್ತದೆ. ಆದರೆ ಜಾತ್ರೆಯಲ್ಲಿ ಕಥೆ ಹೇಳುವವರು ಅಣೆಕಟ್ಟನ್ನು ಯಾಕೆ ಮುಟ್ಟುತ್ತಾರೆ, ಅದರಲ್ಲಿ ಒಡವೆ ಇಲ್ಲ. ಅಜ್ಜಿ ಇಬ್ಬರ ವಾದವನ್ನೂ ಕೇಳಿಸಿಕೊಂಡು, “ಪಾಪ, ಆ ಹೆಣ್ಮಗಳ್ನ ಅಟ್ಟಾಡಿಸ್ಬಾರ್ದಿತ್ತು” ಎಂದಷ್ಟೇ ಹೇಳಿ ಮುಂದೆ ನಡೆದಳು.

ಅರ್ಕೇಶ್ವರನ ಹತ್ತಿರ ಜನ ಕಡಿಮೆ. ಎರಡನೇ ಕಾಯಿ ನಿಧಾನವಾಗಿ ಒಡೆಸಿದೆವು, ಮಂಗಳಾರತಿ ಕಣ್ತುಂಬ ನೋಡಿದೆವು. ಮತ್ತೆ ವೈದ್ಯೇಶ್ವರನ ಕಡೆಗೆ. ಸಾಲಿಗೆ ನಿಲ್ಲದೆ ಹೊರಗಿನಿಂದಲೇ ಕೈಮುಗಿದರೆ ಸಾಕು ಎಂದು ಅಜ್ಜಿ ರಿಯಾಯಿತಿ ಕೊಟ್ಟಳು. ಚಿಕ್ಕಪ್ಪನ ಮುಖ ಸ್ವಲ್ಪ ಅರಳಿತು.

ಪಾತಾಳೇಶ್ವರ ಹೆಸರಿಗೆ ತಕ್ಕ ಹಾಗೆ ಪಾತಾಳದಲ್ಲಿದ್ದಾನೆ. ಮರಳು ತೋಡಿ ಮಾಡಿದ ಆಳದ ಗುಂಡಿ, ಅದರ ತಳದಲ್ಲಿ ಚಿಕ್ಕ ಗುಡಿ. ಮೆಟ್ಟಿಲಿಳಿಯುತ್ತಾ ಹೋದಂತೆ ಮೇಲಿನ ಗದ್ದಲ ಕಡಿಮೆಯಾಗಿ, ಎರಡೂ ಪಕ್ಕದಿಂದ ಮರಳು ಸಣ್ಣಗೆ ಜಾರುವ ಸದ್ದು ಕೇಳುತ್ತದೆ. ನಿಂತಲ್ಲೇ ನೋಡುತ್ತಿದ್ದೆ. ಯಾರೋ ಕೈ ಊರಿದ ಕಡೆ ಒಂದು ಬೊಗಸೆ ಮರಳು ಸಡಿಲಗೊಂಡು, ಮೆಟ್ಟಿಲ ಮೂಲೆಯಲ್ಲಿ ಗುಪ್ಪೆಯಾಯಿತು. ಪೊರಕೆ ಹಿಡಿದು ನಿಂತಿದ್ದ ಆಳು ಅದನ್ನು ಗುಡಿಸಿ ಬುಟ್ಟಿಗೆ ತುಂಬಿದ. ಅವನು ತಿರುಗುವಷ್ಟರಲ್ಲಿ ಇನ್ನೊಂದು ಬೊಗಸೆ. ಬುಟ್ಟಿ ಹೊತ್ತವರು ಜನರ ಪಕ್ಕದಲ್ಲೇ ಮೇಲಕ್ಕೆ ಹತ್ತುತ್ತಿದ್ದರು. ದೇವರ ದರ್ಶನಕ್ಕೆ ಇಳಿಯುವವರ ಸಾಲು ಒಂದು, ಮರಳು ಹೊತ್ತು ಹತ್ತುವವರ ಸಾಲು ಇನ್ನೊಂದು. ನನ್ನ ಮಟ್ಟಿಗೆ ಅವತ್ತಿನ ದೊಡ್ಡ ಪೂಜೆ ಆ ಬುಟ್ಟಿಯವರದೇ. ಅವರು ಒಂದು ಮುಂಗಾರು ಸುಮ್ಮನೆ ಕೂತರೆ ಪಾತಾಳೇಶ್ವರ ಮತ್ತೆ ಕಾಣಸಿಗುವುದಿಲ್ಲ. ಈ ಲಿಂಗ ಬೆಳಗ್ಗೆ ಕೆಂಪಗೆ, ಮಧ್ಯಾಹ್ನ ಕಪ್ಪಗೆ, ರಾತ್ರಿ ಬಿಳಿಯಾಗಿ ಕಾಣುತ್ತದೆ ಎನ್ನುತ್ತಾರೆ. ನಮಗೆ ಕಂಡದ್ದು ಮಧ್ಯಾಹ್ನ. ಕಪ್ಪಗೇ ಇತ್ತು.

ಮರುಳೇಶ್ವರನ ಸಾಲಿನಲ್ಲೇ ಅನಾಹುತ ಆದದ್ದು. ಬಿಸಿಲು ನೆತ್ತಿಗೆ ಬಂದಿತ್ತು. ಮುಂದೆ ಎಲ್ಲೋ ಅನ್ನದಾನದ ಬಿಸಿಬೇಳೆ ಬಾತಿನ ವಾಸನೆ ಎದ್ದದ್ದೇ ಸಾಲಿನ ಅರ್ಧ ಜನ ಅತ್ತ ತಿರುಗಿದರು, ಹಿಂದಿನವರು ಆ ಜಾಗಕ್ಕೆ ನುಗ್ಗಿದರು. ಚಿಕ್ಕಪ್ಪ ಎಲ್ಲಿದ್ದ ಎನ್ನುವುದು ಮೇಲೆ ಹೇಳಿದ ವ್ಯಾಜ್ಯ, ಅದಕ್ಕೆ ನಾನು ಬರುವುದಿಲ್ಲ. ನಾವು ಬೊಂಬಿಗೆ ಒತ್ತಿಕೊಂಡು ಸುಧಾರಿಸಿಕೊಂಡು ನೋಡಿದರೆ ಅಜ್ಜಿ ಇಲ್ಲ. ಗುಂಡಿಯ ಕೆಳಗಿಳಿದು ನೋಡಿದೆವು, ಮರುಳೇಶ್ವರನ ದೊಡ್ಡ ಲಿಂಗದ ಎದುರು ನಿಂತಾಗಲೂ ಅಪ್ಪನ ಕಣ್ಣು ಸುತ್ತ ಹುಡುಕುತ್ತಿತ್ತು. ಮೇಲೆ ಬಂದೆವು. ಇಲ್ಲ.

ಮೈಕಿನ ಚಪ್ಪರಕ್ಕೆ ಓಡಿದೆವು. ಅಲ್ಲಿ ಆಗಲೇ ಅಳುವ ಮಕ್ಕಳು, ಬೈಯುವ ಹೆಂಗಸರು, ಒಂದು ಕಾಲಿನ ಚಪ್ಪಲಿ ಹಿಡಿದು ಕೂತ ಮುದುಕ. ಮೈಕಿನ ಹುಡುಗ ನಿದ್ದೆಗೆಟ್ಟ ಕಣ್ಣಿನಲ್ಲಿ ಪುಸ್ತಕ ತೆರೆದು, “ಹೆಸರು ಹೇಳಿ ಸಾರ್” ಎಂದ. ಅಪ್ಪ ರೇಷನ್ ಕಾರ್ಡಿನಲ್ಲಿದ್ದ ಹೆಸರು ಹೇಳಿದ. ಊರು, ತಾಲ್ಲೂಕು, ಕೆಂಪಂಚಿನ ಹಸಿರು ಸೀರೆ, ವಯಸ್ಸು ಅರವತ್ತೈದು. ಎಲ್ಲಿದ್ದರೂ ಕೂಡಲೇ ಮೈಕಿನ ಬಳಿ ಬರತಕ್ಕದ್ದು ಎಂದು ಹುಡುಗ ಎರಡೆರಡು ಸಲ ಕೂಗಿದ. ಸ್ವಲ್ಪ ಹೊತ್ತಿಗೆ ಹಸಿರು ಸೀರೆಯ ಅಜ್ಜಿ ಒಬ್ಬಳು ಬಂದಳು. ನಮ್ಮವಳಲ್ಲ. ಇನ್ನೊಬ್ಬಳು ಬಂದಳು, ಅವಳನ್ನು ಅವಳ ಮೊಮ್ಮಗನೇ ಕೈಹಿಡಿದು ತಂದಿದ್ದ. ಯಾರೋ ಕರೆಯುತ್ತಿದ್ದಾರೆ, ಏನಾದರೂ ಕೊಡುತ್ತಾರೇನೋ ಎಂದು ಬಂದದ್ದಂತೆ. ಮೂರನೆಯವಳು ನಮ್ಮಪ್ಪನನ್ನು ನೋಡಿ, “ನೀನ್ಯಾರ್ಲಾ?” ಎಂದು ಗದರಿಸಿ ಹೊರಟುಹೋದಳು.

ಚಿಕ್ಕವ್ವ ಸದ್ದಿಲ್ಲದೆ ಅಳತೊಡಗಿದಳು. ಕೊಳ್ಳೇಗಾಲದ ಕಾಡಿನ ಕಡೆ ವೀರಪ್ಪನ್ ಭಯಕ್ಕೆ ಜನ ಸಂಜೆಯ ಮೇಲೆ ಬಸ್ ಹತ್ತಲು ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. ಅಜ್ಜಿಗೂ ವೀರಪ್ಪನ್‌ಗೂ ಏನು ಸಂಬಂಧ ಎಂದು ಈಗ ನಗು ಬರುತ್ತದೆ. ಗಾಬರಿಯಾದ ಮನಸ್ಸಿಗೆ ಸಂಬಂಧ ಕಟ್ಟುವುದು ಕಷ್ಟವಲ್ಲ. ಅಪ್ಪ ಹೊಳೆದಂಡೆಗೆ ಹೋಗಿ ನೋಡಿ ಬಂದ. ಆಸ್ಪತ್ರೆಯ ಟೆಂಟಿನಲ್ಲಿ ವಿಚಾರಿಸಿದ. ಚಿಕ್ಕಪ್ಪ ಮೂರು ತೆಂಗಿನಕಾಯಿಯ ಚೀಲ ಹೊತ್ತುಕೊಂಡು ಮರಳಿನಲ್ಲಿ ಅತ್ತಿಂದಿತ್ತ ತಿರುಗಿದ. ಪಾತಾಳೇಶ್ವರನಿಗೆ ಬಿಲ್ವಪತ್ರೆಯನ್ನಷ್ಟೇ ಏರಿಸಲು ಬಿಟ್ಟಿದ್ದರಿಂದ ಕಾಯಿ ಹಾಗೇ ಉಳಿದಿತ್ತು. ಬಿಸಿಬೇಳೆ ಬಾತು ತಿನ್ನಲು ಮನಸ್ಸು ಬರಲಿಲ್ಲ, ಆದರೂ ನಾನು ತಿಂದೆ. ಹಸಿವು.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಒಂದು ಮಾತು ಹೇಳಿದ. “ಅವ್ವನಿಗೆ ದಾರಿ ತಪ್ಪಿದ್ರೂ ಕ್ರಮ ತಪ್ಪಲ್ಲ. ಪ್ರತಿ ಸಲ ಎಲ್ಲಿಗೆ ವಾಪಸ್ ಬರಬೇಕು ಅಂತಿದ್ಲು?” ಎಲ್ಲರೂ ವೈದ್ಯೇಶ್ವರನ ಗುಡಿಗೆ ಓಡಿದೆವು.

ಹೊರಗಿನ ಜಗಲಿಯ ಮೇಲೆ, ಕಂಬಕ್ಕೆ ಒರಗಿ, ಕಾಲು ಚಾಚಿ ಅಜ್ಜಿ ಕೂತಿದ್ದಳು. ಮಂಡಿಗೆ ಯಾರೋ ಎಣ್ಣೆ ಹಚ್ಚಿದ್ದರು. ಮುಂದೆ ಮುತ್ತುಗದ ಎಲೆಯ ಮೇಲೆ ಅರ್ಧ ತಿಂದ ಮೊಸರನ್ನ. ಸುತ್ತ ಮದ್ದೂರು ಕಡೆಯ ನಾಲ್ಕೈದು ಹೆಂಗಸರು, ಹತ್ತು ವರ್ಷದ ಪರಿಚಯದವರಂತೆ.

ಅಪ್ಪನಿಗೆ ಮಾತು ಹೊರಡಲಿಲ್ಲ. ಅಜ್ಜಿಯೇ ಶುರು ಮಾಡಿದಳು.

“ಎಲ್ಲೋಗಿದ್ರಿ ಎಲ್ರೂವೆ? ಕಾದೂ ಕಾದೂ ಸಾಕಾಯ್ತು.”

ನಡೆದದ್ದು ಇಷ್ಟು. ನಾವು ಕಾಣದೆ ಹೋದಾಗ ಇವಳು ಹುಡುಕಲು ನಿಲ್ಲಲಿಲ್ಲ. ನಿಂತರೆ ಹೊತ್ತು ಹೋಗುತ್ತದೆ, ದಿನ ಒಂದೇ. ಮರುಳೇಶ್ವರನನ್ನು ನೋಡಿ, ವೈದ್ಯೇಶ್ವರನಿಗೆ ಒಪ್ಪಿಸಿ, ಮುಡುಕುತೊರೆಗೆ ಹೊರಟಿದ್ದ ಮದ್ದೂರಿನವರ ಟ್ರ್ಯಾಕ್ಟರ್ ಹತ್ತಿದ್ದಾಳೆ. ಬೆಟ್ಟದ ಮೆಟ್ಟಿಲನ್ನು ಕೂತು ಕೂತು ಹತ್ತಿದ್ದಾಳೆ. ಮಲ್ಲಿಕಾರ್ಜುನನನ್ನು ಕಂಡು, ಅದೇ ಟ್ರ್ಯಾಕ್ಟರಿನಲ್ಲಿ ವಾಪಸ್ ಬಂದು, ಕಡೆಯ ಸಲ ವೈದ್ಯೇಶ್ವರನಿಗೆ ಕೈಮುಗಿದು ಉಪವಾಸ ಮುರಿದಿದ್ದಾಳೆ.

“ಕಾಯಿ ಎಲ್ಲ ನನ್ ಹತ್ರ ಇತ್ತಲ್ಲವ್ವ, ಪೂಜೆ ಹೆಂಗ್ ಮಾಡ್ಸಿದೆ?” ಎಂದ ಚಿಕ್ಕಪ್ಪ.

“ಕಾಯಿ ನಿನ್ ಹತ್ರ ಇದ್ರೆ ಏನಾಯ್ತು, ಕೈ ನನ್ ಹತ್ರ ಇತ್ತಲ್ಲ. ಮುಗ್ದೆ.”

ಮೈಕಿನಲ್ಲಿ ಅಷ್ಟು ಸಲ ಕೂಗಿಸಿದೆವಲ್ಲ, ಕೇಳಿಸಲಿಲ್ಲವೇ ಎಂದು ಅಪ್ಪ ಕೇಳಿದ. ಕೇಳಿಸಿತಂತೆ. ಊರಿನ ಹೆಸರೂ ಕೇಳಿಸಿತಂತೆ. ಆದರೆ ರೇಷನ್ ಕಾರ್ಡಿನ ಹೆಸರಿನಿಂದ ಅವಳನ್ನು ಹುಟ್ಟಿದಾಗಿನಿಂದ ಒಬ್ಬರೂ ಕರೆದಿಲ್ಲ. ನಮ್ಮೂರಿನಿಂದಲೇ ಬಂದ ಯಾವುದೋ ಮುದುಕಿ ಕಳೆದುಹೋಗಿದ್ದಾಳೆ, ಪಾಪ, ಅವಳ ಮಕ್ಕಳು ಎಷ್ಟು ಒದ್ದಾಡುತ್ತಿದ್ದಾರೋ ಎಂದುಕೊಂಡು, ಆ ಮುದುಕಿ ಬೇಗ ಸಿಗಲಿ ಎಂದು ವೈದ್ಯೇಶ್ವರನ ಹುಂಡಿಗೆ ನಾಲ್ಕಾಣೆ ಹಾಕಿದಳಂತೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚಿಕ್ಕಪ್ಪ ಸುಖಪಡುತ್ತಿದ್ದ. ಅಜ್ಜಿ ಬೆರಳು ಮಡಿಸಿ ಲೆಕ್ಕ ಹಾಕಿ, “ನೀವು ಮುಡುಕುತೊರೆಗೆ ಹೋಗಿದ್ರಾ?” ಎಂದಳು. ಇಲ್ಲ ಎಂದೆವು. “ಹಂಗಾರೆ ನಿಮ್ದು ನಾಲ್ಕೇ ಆಯ್ತು. ಇನ್ನೂ ಹೊತ್ತದೆ, ಹೋಗ್ಬನ್ನಿ. ನಾ ಇಲ್ಲೇ ಇರ್ತೀನಿ” ಎಂದು ನಮ್ಮನ್ನು ಆ ಕತ್ತಲೆಯಲ್ಲಿ ಎಬ್ಬಿಸಿ ಕಳಿಸಿದಳು. ಮದ್ದೂರಿನ ಹೆಂಗಸರು ಅಜ್ಜಿಯ ಪಕ್ಷ. ಸಿಕ್ಕಿದ ಟೆಂಪೋ ಹಿಂದೆ ನೇತಾಡಿಕೊಂಡು ಮುಡುಕುತೊರೆಗೆ ಹೋದೆವು. ಅರ್ಜುನ ಮಲ್ಲಿಗೆ ಹೂ ಏರಿಸಿ ಪೂಜಿಸಿದ ಲಿಂಗ ಎಂಬ ಪ್ರತೀತಿ ಅಲ್ಲಿಯದು. ಬೆಟ್ಟದ ಮೇಲಿನಿಂದ ಕೆಳಗೆ ತಲಕಾಡಿನ ಕಡೆಗೆ ದೀಪಗಳ ಸಾಲು, ಪಕ್ಕದಲ್ಲಿ ಕಪ್ಪಗೆ ತಿರುಗಿ ಹೋಗುವ ಹೊಳೆ ಕಂಡವು. ಬಾಕಿ ಉಳಿದ ಮೂರೂ ಕಾಯಿಗಳನ್ನು ಚಿಕ್ಕಪ್ಪ ಅಲ್ಲೇ ಒಡೆಸಿ ಹೆಗಲು ಹಗುರ ಮಾಡಿಕೊಂಡ. ವಾಪಸ್ ಬಂದು, ಅಜ್ಜಿಯನ್ನು ಎಬ್ಬಿಸಿಕೊಂಡು ಕೀರ್ತಿನಾರಾಯಣನ ಹತ್ತಿರ ಹೋದಾಗ ನಡುರಾತ್ರಿಗೆ ಸ್ವಲ್ಪವೇ ಉಳಿದಿತ್ತು. “ಎಲ್ಲ ಆಯ್ತು ಕನಪ್ಪ, ಹೈಕಳದ್ದೂ ಆಯ್ತು” ಎಂದಳು.

2006ರ ಪಂಚಲಿಂಗಕ್ಕೆ ಅಜ್ಜಿ ಇರಲಿಲ್ಲ. 2013ರಲ್ಲಿ ಚಿಕ್ಕಪ್ಪ ಕಾರಿನಲ್ಲಿ ಹೋಗಿ, ತನ್ನ ಹಳೆಯ ಕಾಗದದ ಗೆರೆಯಂತೆ ಮುಡುಕುತೊರೆಯಿಂದ ಶುರು ಮಾಡಿ, ಮಧ್ಯಾಹ್ನಕ್ಕೆಲ್ಲ ಮುಗಿಸಿ ಬಂದ. ಅಷ್ಟು ಖುಷಿಯಾದ ಹಾಗೆ ಕಾಣಲಿಲ್ಲ. 2020ರ ಡಿಸೆಂಬರ್ 14ರಂದು ಕೊರೊನಾ ನಿರ್ಬಂಧದ ನಡುವೆ ದರ್ಶನ ನಡೆಯಿತು. ನಾವು ಹೋಗಲಿಲ್ಲ.

ಮುಂದಿನದಕ್ಕೆ ಹೋಗುವವರಿಗೆ, ಅಥವಾ ಜನಜಂಗುಳಿ ಬೇಡ ಎಂದು ಮಾಮೂಲಿ ಸೋಮವಾರ ಹೋಗುವವರಿಗೆ ನಾಲ್ಕು ಮಾತು. ವಿಜಯಾಪುರ ದಾರಿಗೆ ಸಿಗುವುದಿಲ್ಲವೆಂದು ಅರ್ಕೇಶ್ವರನನ್ನು ಬಿಟ್ಟು ಬರಬೇಡಿ, ಆ ಗದ್ದೆಬಯಲನ್ನು ನಡೆದೇ ದಾಟಿ. ಹೊಳೆಯಲ್ಲಿ ಬಟ್ಟೆ ಬಿಡಬೇಡಿ. ಮೇಲೆ ಮರಳು ಕಂಡು ಮೋಸಹೋಗಿ ಆಳಕ್ಕೆ ಇಳಿಯಬೇಡಿ, ತಲಕಾಡಿನ ಹೊಳೆಯಲ್ಲಿ ಮಡುಗಳಿವೆ, ಈಜು ಬಲ್ಲವರೇ ಮುಳುಗಿದ್ದಾರೆ. ವಯಸ್ಸಾದವರನ್ನು ಕರೆದುಕೊಂಡು ಹೋದರೆ ಎಲ್ಲಿ ಸೇರಬೇಕು ಎಂದು ಮೊದಲೇ ಮಾತಾಡಿಕೊಂಡಿರಿ. ಮೈಕಿನಲ್ಲಿ ಕೂಗಿಸುವ ಗತಿ ಬಂದರೆ ಮನೆಯಲ್ಲಿ ಕರೆಯುವ ಹೆಸರನ್ನೇ ಕೊಡಿ.